ಸಂಬಂಧಿಕರ ಡಿಎನ್‌ಎಯಿಂದ ಗುರುತು ಹಚ್ಚುವ ಸಾಫ್ಟ್‌ವೇರ್: ಯಾವ ಪ್ರಕರಣಕ್ಕೆ ಯಾವುದು?

ವಿಮಾನ ಬಿದ್ದಿದೆ, ಕಟ್ಟಡ ಕುಸಿದಿದೆ, ಇಲ್ಲವೇ ಎಷ್ಟೋ ವರ್ಷಗಳ ಹಿಂದೆ ಹೂತ ಮೂಳೆಗಳು ಈಗ ಸಿಕ್ಕಿವೆ. ಬೆರಳಚ್ಚು ತೆಗೆಯುವ ಸ್ಥಿತಿಯಿಲ್ಲ, ಹಲ್ಲಿನ ದಾಖಲೆಯೂ ಇಲ್ಲ. ಉಳಿದಿರುವುದು ಡಿಎನ್‌ಎ ಒಂದೇ. ಅದನ್ನು ಹೋಲಿಸಿ ನೋಡಲು ಇರುವುದು ಮನೆಯವರ ರಕ್ತ ಅಥವಾ ಕೆನ್ನೆಯ ಒಳಗಿನಿಂದ ತೆಗೆದ ಸ್ವಾಬ್. ಒಂದೆರಡು ಜೋಡಿಗಳಾದರೆ ಕೈಲೆಕ್ಕ ಸಾಕಾಗಬಹುದು, ನೂರಾರು ಆದಾಗ ಸಾಫ್ಟ್‌ವೇರ್ ಬೇಕೇ ಬೇಕು.

ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಎರಡು ಮರುಪ್ರಶ್ನೆ ಕೇಳುತ್ತೇನೆ. ಮಾದರಿ ಕೊಡಲು ಯಾರು ಉಳಿದಿದ್ದಾರೆ? ಎಷ್ಟು ದೇಹಗಳನ್ನು ಎಷ್ಟು ಕುಟುಂಬಗಳ ಜೊತೆ ಹೋಲಿಸಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಹೆಸರು, ಬೆಲೆ, ಪರದೆಯ ಅಂದ ಎಲ್ಲ ಆಮೇಲಿನ ಮಾತು.

ಇಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಒಂದು ತಪ್ಪು ಹೊಂದಾಣಿಕೆ ಎರಡು ಮನೆಗಳಿಗೆ ಅನ್ಯಾಯ ಮಾಡುತ್ತದೆ. ಒಂದು ಮನೆಯವರು ಬೇರೆ ಯಾರದೋ ದೇಹಕ್ಕೆ ಅಂತ್ಯಸಂಸ್ಕಾರ ಮಾಡುತ್ತಾರೆ. ಇನ್ನೊಂದು ಮನೆಯವರು ಕಾಯುತ್ತಲೇ ಇರುತ್ತಾರೆ, ಅವರವರು ಆಗಲೇ ಸಿಕ್ಕಿದ್ದರೂ.

ದೊಡ್ಡ ಸಂಖ್ಯೆಯನ್ನು ಹೇಗೆ ಓದಬೇಕು

ಈ ಸಾಫ್ಟ್‌ವೇರ್‌ಗಳೆಲ್ಲ ಕೊಡುವ ಮುಖ್ಯ ಫಲಿತಾಂಶ ಲೈಕ್ಲಿಹುಡ್ ರೇಶಿಯೊ, ಪ್ರಯೋಗಾಲಯದವರ ಬಾಯಲ್ಲಿ ಎಲ್‌ಆರ್. ಈ ದೇಹ ಈ ಕುಟುಂಬದವರದ್ದೇ ಆಗಿದ್ದರೆ ಇಂಥ ಡಿಎನ್‌ಎ ಕಾಣುವ ಸಾಧ್ಯತೆ ಎಷ್ಟು, ಸಂಬಂಧವೇ ಇಲ್ಲದ ಬೇರೊಬ್ಬರದಾಗಿದ್ದರೆ ಎಷ್ಟು ಎಂಬ ಎರಡರ ಅನುಪಾತ ಅದು. ಎಲ್‌ಆರ್ 10,000 ಎಂದು ತೋರಿಸಿದರೆ ಮೊದಲ ಊಹೆಗೆ 10,000 ಪಟ್ಟು ಹೆಚ್ಚು ಬಲವಿದೆ ಎಂದರ್ಥ. ಕೇಳಲು ಇದು ಖಚಿತವಾಗಿಯೇ ಇದೆ. ಆದರೆ 500 ದೇಹಗಳನ್ನು 500 ಕುಟುಂಬಗಳ ಜೊತೆ ಹೋಲಿಸಿದರೆ 2,50,000 ಹೋಲಿಕೆಗಳಾಗುತ್ತವೆ. ಸಂಬಂಧವಿಲ್ಲದ ಜೋಡಿಗೆ ಆಕಸ್ಮಿಕವಾಗಿ 10,000 ಅಥವಾ ಅದಕ್ಕಿಂತ ಹೆಚ್ಚಿನ ಎಲ್‌ಆರ್ ಬರುವ ಸಾಧ್ಯತೆ 10,000ರಲ್ಲಿ 1ನ್ನು ಮೀರದು ಎಂಬುದು ಗಣಿತದ ನಿಯಮ. ಆ ಮಿತಿಯ ಪ್ರಕಾರವೇ ಲೆಕ್ಕ ಹಾಕಿದರೂ 25ರವರೆಗೆ ಸುಳ್ಳು ಹೊಂದಾಣಿಕೆಗಳು ಬರಬಹುದು.

ಇದನ್ನೇ ಇನ್ನೊಂದು ಕಡೆಯಿಂದ ನೋಡೋಣ. 500 ಜನರಲ್ಲಿ ಈ ದೇಹ ಯಾರದು ಎಂಬ ಬಗ್ಗೆ ಬೇರೆ ಸುಳಿವಿಲ್ಲ ಎಂದಿಟ್ಟುಕೊಳ್ಳಿ. ಆಗ ಎಲ್‌ಆರ್ 10,000 ಕೊಡುವ ಅಂತಿಮ ಸಂಭವನೀಯತೆ ಸುಮಾರು ಶೇ. 95 ಮಾತ್ರ. ಶೇ. 99.9 ಮುಟ್ಟಬೇಕಾದರೆ ಎಲ್‌ಆರ್ ಸುಮಾರು 5 ಲಕ್ಷ ಇರಬೇಕು. 1990ರ ದಶಕದ ಬಾಲ್ಕನ್ ಯುದ್ಧಗಳಲ್ಲಿ ಕಾಣೆಯಾದವರನ್ನು ಗುರುತಿಸಿದ ಅಂತರರಾಷ್ಟ್ರೀಯ ಆಯೋಗ ಐಸಿಎಂಪಿ ಇನ್ನೂ ಬಿಗಿಯಾಗಿ ಶೇ. 99.95ರ ಗೆರೆ ಹಾಕಿಕೊಂಡಿತು.

ಹಾಗಾಗಿ ನನ್ನ ಮೊದಲ ಒರೆಗಲ್ಲು ಇದು: ಹೋಲಿಕೆಗೆ ಮುಂಚಿನ ಸಂಭವನೀಯತೆಯನ್ನು ನಮೂದಿಸಲು ಸಾಫ್ಟ್‌ವೇರ್ ಜಾಗ ಕೊಡುತ್ತದೆಯೇ? ಸತ್ತವರ ಸಂಖ್ಯೆ ಬದಲಾದಾಗ ಆ ಲೆಕ್ಕವೂ ತಾನಾಗಿ ಬದಲಾಗುತ್ತದೆಯೇ? ಬರೀ ಎಲ್‌ಆರ್ ತೋರಿಸಿ ಪಕ್ಕದಲ್ಲಿ ಹಸಿರು ಗುರುತು ಹಾಕುವ ಸಾಫ್ಟ್‌ವೇರನ್ನು ಸಾಮೂಹಿಕ ದುರಂತಕ್ಕೆ ನಾನು ಶಿಫಾರಸು ಮಾಡಲಾರೆ.

ಎರಡನೆಯ ಒರೆಗಲ್ಲು ಉತ್ಪರಿವರ್ತನೆಯದು. ಗುರುತಿಗೆ ಸಾಮಾನ್ಯವಾಗಿ ಬಳಸುವ ಎಸ್‌ಟಿಆರ್ ಗುರುತುಗಳು, ಅಂದರೆ ಡಿಎನ್‌ಎಯಲ್ಲಿ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುವ ಜಾಗಗಳು, ತಂದೆ-ತಾಯಿಯಿಂದ ಮಗುವಿಗೆ ದಾಟುವಾಗ ಸಾವಿರಕ್ಕೆ ಒಂದೆರಡು ಸಲ ಬದಲಾಗುತ್ತವೆ. 20 ಗುರುತು ನೋಡುವಾಗ, ಸಾವಿರಾರು ಕುಟುಂಬಗಳಿರುವಾಗ, ಅಂಥ ಬದಲಾವಣೆ ಎಲ್ಲೋ ಒಂದು ಕಡೆ ಕಂಡೇ ಕಾಣುತ್ತದೆ. ಒಂದು ಗುರುತು ತಾಳೆಯಾಗಲಿಲ್ಲ ಎಂದು ನಿಜವಾದ ತಂದೆಯನ್ನೇ ತಳ್ಳಿಹಾಕುವ ಸಾಫ್ಟ್‌ವೇರ್ ಬೇಡವೇ ಬೇಡ. ಮೂರನೆಯದು, ಸುಟ್ಟ ಅಥವಾ ಹಳೆಯ ಮೂಳೆಯಲ್ಲಿ ಒಂದು ಗುರುತಿನ ಎರಡು ಅಲೀಲ್‌ಗಳ (ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ರೂಪಗಳ) ಪೈಕಿ ಒಂದು ಕಾಣದೆ ಹೋಗುವುದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಿಜವಾದ ಮಗನೂ ಅನ್ಯನಂತೆ ಕಾಣುತ್ತಾನೆ. ಇವುಗಳ ಜೊತೆಗೆ ಆಯಾ ಜನಸಮುದಾಯದ ಅಲೀಲ್ ಆವರ್ತನ ಪಟ್ಟಿಯನ್ನು ನಾವೇ ಹಾಕಲು ಬರಬೇಕು. ಬೇರೆ ಯಾವುದೋ ಜನಸಮುದಾಯದ ಪಟ್ಟಿ ಬಳಸಿದರೆ ಅಪರೂಪದ್ದು ಸಾಮಾನ್ಯವಾಗಿಯೂ ಸಾಮಾನ್ಯವಾದದ್ದು ಅಪರೂಪವಾಗಿಯೂ ತೋರುತ್ತದೆ.

ಯಾರು ಉಳಿದಿದ್ದಾರೆ ಎಂಬುದೇ ಎಲ್ಲಕ್ಕಿಂತ ದೊಡ್ಡದು

ತಂದೆ-ತಾಯಿ ಇಬ್ಬರೂ ಮಾದರಿ ಕೊಟ್ಟರೆ ಹೆಚ್ಚುಕಡಿಮೆ ಯಾವ ಸಾಫ್ಟ್‌ವೇರಾದರೂ ನಡೆಯುತ್ತದೆ. ಪತಿ ಅಥವಾ ಪತ್ನಿ ಮತ್ತು ಮಕ್ಕಳು ಒಟ್ಟಿಗೆ ಸಿಕ್ಕರೂ ಹಾಗೆಯೇ. ಕಷ್ಟ ಶುರುವಾಗುವುದು ಒಡಹುಟ್ಟಿದವರಿಂದ. ಅಣ್ಣ-ತಮ್ಮಂದಿರು ಯಾವುದೇ ಒಂದು ಗುರುತಿನಲ್ಲಿ ತಂದೆ-ತಾಯಿಯಿಂದ ಬಂದ ಒಂದು ಅಲೀಲನ್ನೂ ಹಂಚಿಕೊಳ್ಳದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬನೇ ತಮ್ಮನ ಮಾದರಿ ಇದ್ದಾಗ ಒಮ್ಮೆ ಲಕ್ಷಗಟ್ಟಲೆ ಎಲ್‌ಆರ್ ಬರಬಹುದು, ಇನ್ನೊಮ್ಮೆ ಏನೂ ಹೇಳಲಾಗದಷ್ಟು ಕಡಿಮೆ ಬರಬಹುದು. ಇಬ್ಬರು ಮೂವರು ಒಡಹುಟ್ಟಿದವರು ಕೊಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಏಕೆಂದರೆ ಅವರೆಲ್ಲರ ಡಿಎನ್‌ಎ ಸೇರಿ ಇಲ್ಲದ ತಂದೆ-ತಾಯಿಯದನ್ನು ಬಹುಮಟ್ಟಿಗೆ ಮರಳಿ ಕಟ್ಟಿಕೊಡುತ್ತದೆ. ಅವರನ್ನು ಒಬ್ಬೊಬ್ಬರನ್ನಾಗಿ ಅಲ್ಲ, ಒಂದೇ ವಂಶವೃಕ್ಷದಲ್ಲಿ ಇಟ್ಟು ಲೆಕ್ಕ ಮಾಡಬೇಕು. ಜೋಡಿ ಜೋಡಿಯಾಗಿ ಮಾತ್ರ ಹೋಲಿಸುವ ಸಾಫ್ಟ್‌ವೇರ್ ಇಲ್ಲಿ ಸೋಲುತ್ತದೆ.

1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ನಡೆದ ಹತ್ಯಾಕಾಂಡದಲ್ಲಿ ಆದದ್ದು ಇದೇ. ಸುಮಾರು 8,000 ಗಂಡಸರು ಮತ್ತು ಹುಡುಗರು ಸತ್ತರು. ಎಷ್ಟೋ ಮನೆಗಳಲ್ಲಿ ತಂದೆ, ಮಕ್ಕಳು, ಅಣ್ಣತಮ್ಮಂದಿರು ಎಲ್ಲರೂ ಹೋಗಿ ರಕ್ತ ಕೊಡಲು ತಾಯಿ, ಹೆಂಡತಿ, ಅಕ್ಕತಂಗಿಯರು ಮಾತ್ರ ಉಳಿದರು. ಸಾಕ್ಷ್ಯ ಮುಚ್ಚಲು ಹಂತಕರು ದೇಹಗಳನ್ನು ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರಿಂದ ಒಬ್ಬರದೇ ಮೂಳೆಗಳು ಹಲವು ಕಡೆ ಹಂಚಿಹೋಗಿದ್ದವು. ಹಾಗಿದ್ದೂ ಸುಮಾರು 7,000 ಮಂದಿಯ ಗುರುತು ಸಿಕ್ಕಿತೆಂದರೆ ಅದರ ಹಿಂದೆ ಸಾವಿರಾರು ಸಂಬಂಧಿಕರ ಮಾದರಿಗಳೂ ಅವನ್ನು ಒಟ್ಟಾಗಿ ಹೋಲಿಸುವ ವ್ಯವಸ್ಥೆಯೂ ಇದ್ದವು.

ಇನ್ನೂ ದೂರ ಹೋದರೆ ಗೋಜಲು ಹೆಚ್ಚುತ್ತದೆ. ಅಜ್ಜ-ಮೊಮ್ಮಗ, ಸೋದರಮಾವ-ಅಳಿಯ, ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದ ಅಣ್ಣತಮ್ಮ, ಈ ಮೂರೂ ಸಂಬಂಧಗಳಿಗೆ ಸಾಮಾನ್ಯ ಎಸ್‌ಟಿಆರ್ ಲೆಕ್ಕ ಕೊಡುವುದು ಒಂದೇ ಉತ್ತರ. ಅವುಗಳನ್ನು ಬೇರ್ಪಡಿಸಬೇಕೆಂದರೆ ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇರುವ ಗುರುತುಗಳು ಜೊತೆಯಾಗಿ ದಾಟುವುದನ್ನು ಲೆಕ್ಕಕ್ಕೆ ತರಬೇಕು. 12ನೇ ವರ್ಣತಂತುವಿನ ವಿಡಬ್ಲ್ಯೂಎ ಮತ್ತು ಡಿ12ಎಸ್391 ಅಂಥ ಒಂದು ಜೋಡಿ. ಗಂಡಸಿನ ಕಡೆಯ ಸಂಬಂಧವಾದರೆ ವೈ ವರ್ಣತಂತು ನೆರವಾಗುತ್ತದೆ: ಚಿಕ್ಕಪ್ಪನದೂ ಅಣ್ಣನ ಮಗನದೂ ಒಂದೇ. ತಾಯಿಯ ಕಡೆಯಾದರೆ ತಾಯಿಯಿಂದಷ್ಟೇ ಬರುವ ಮೈಟೋಕಾಂಡ್ರಿಯದ ಡಿಎನ್‌ಎ: ಸೋದರಮಾವನದೂ ಅಕ್ಕನ ಮಗಳದೂ ಒಂದೇ. ಈ ಎರಡನ್ನೂ ಎಸ್‌ಟಿಆರ್ ಜೊತೆ ಒಂದೇ ಕಡತದಲ್ಲಿ ಇಟ್ಟುಕೊಳ್ಳುವ ಅನುಕೂಲ ಇದೆಯೇ ಎಂದು ನೋಡಿ.

ಚಿಕ್ಕ, ಮಧ್ಯಮ ಪ್ರಕರಣಗಳಿಗೆ: ಫ್ಯಾಮಿಲಿಯಾಸ್

ಒಂದು ಪ್ರಯೋಗಾಲಯ ಯಾವುದರಿಂದ ಶುರುಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಫ್ಯಾಮಿಲಿಯಾಸ್. ನಾರ್ವೆಯ ಸಂಖ್ಯಾಶಾಸ್ತ್ರಜ್ಞರು ಕಟ್ಟಿದ ಈ ಸಾಫ್ಟ್‌ವೇರ್ ಉಚಿತ, ವಿಂಡೋಸ್‌ನಲ್ಲಿ ನಡೆಯುತ್ತದೆ. ಇದರ ಹಿಂದಿನ ವಿಧಾನ 2000ದಲ್ಲೇ ಪ್ರಕಟವಾಯಿತು, ಮೂರನೇ ಆವೃತ್ತಿಯ ವಿವರ 2014ರಲ್ಲಿ ಬಂತು. ಉತ್ಪರಿವರ್ತನೆಗೆ ಹಲವು ಮಾದರಿಗಳು, ಕಾಣದೆ ಹೋದ ಅಲೀಲ್‌ಗಳ ಲೆಕ್ಕ, ಜನಸಮುದಾಯದೊಳಗಿನ ದೂರದ ನಂಟಿನ ತಿದ್ದುಪಡಿ, ಎಲ್ಲವೂ ಇದರಲ್ಲಿವೆ. ದುರಂತದಲ್ಲಿ ಸತ್ತವರ ಗುರುತಿಗೆಂದೇ ಪ್ರತ್ಯೇಕ ವಿಭಾಗವಿದೆ. ಒಂದು ಕಡೆ ದೇಹಗಳ ಪ್ರೊಫೈಲ್ (ಎಲ್ಲ ಗುರುತುಗಳ ಫಲಿತಾಂಶದ ಪಟ್ಟಿ), ಇನ್ನೊಂದು ಕಡೆ ಕುಟುಂಬಗಳ ವಂಶವೃಕ್ಷ ಹಾಕಿದರೆ ಎರಡನ್ನೂ ಅಡ್ಡಡ್ಡ ಹೋಲಿಸುತ್ತದೆ.

ನನಗೆ ಇದರಲ್ಲಿ ತುಂಬಾ ಉಪಯುಕ್ತವೆನಿಸುವುದು ಕುರುಡು ಹುಡುಕಾಟ. ಕುಟುಂಬದ ಮಾಹಿತಿ ಏನೂ ಕೊಡದೆ, ದೇಹಗಳನ್ನು ಪರಸ್ಪರ ಹೋಲಿಸಿ ಯಾರು ಯಾರಿಗೆ ತಂದೆ-ಮಗ, ಯಾರು ಒಡಹುಟ್ಟಿದವರು, ಯಾವೆರಡು ತುಂಡುಗಳು ಒಬ್ಬರವೇ ಎಂದು ಅದು ಹುಡುಕುತ್ತದೆ. ವಿಮಾನ ದುರಂತಗಳಲ್ಲಿ ಇಡೀ ಕುಟುಂಬಗಳು ಒಟ್ಟಿಗೆ ಸಾಯುವುದರಿಂದ ಈ ಹೆಜ್ಜೆಯನ್ನು ಮೊದಲೇ ಇಡುವುದು ಒಳ್ಳೆಯದು. ಪ್ರಯಾಣಿಕರ ಪಟ್ಟಿಯಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳಿದ್ದು ದೇಹಗಳಲ್ಲೂ ಅಂಥದೇ ಗುಂಪು ಸಿಕ್ಕರೆ, ಹೊರಗಿನ ಒಬ್ಬ ಸಂಬಂಧಿಯ ಮಾದರಿಯೂ ಮೂವರಿಗೆ ದಾರಿ ಮಾಡಿಕೊಡಬಹುದು.

ಫ್ಯಾಮಿಲಿಯಾಸ್ ಪ್ರತಿ ಗುರುತನ್ನೂ ಸ್ವತಂತ್ರ ಎಂದೇ ಲೆಕ್ಕ ಹಾಕುತ್ತದೆ. ಜೊತೆಯಾಗಿ ದಾಟುವ ಗುರುತುಗಳ ಪ್ರಶ್ನೆ ಬಂದರೆ ಅದೇ ಬಳಗದ ಫ್ಯಾಮ್‌ಲಿಂಕ್, ಎಕ್ಸ್ ವರ್ಣತಂತುವಾದರೆ ಫ್ಯಾಮ್‌ಲಿಂಕ್‌ಎಕ್ಸ್ ಬೇಕಾಗುತ್ತದೆ. ಒಬ್ಬನೇ ತಂದೆಯ ಹೆಣ್ಣುಮಕ್ಕಳಿಗೆ ತಂದೆಯಿಂದ ಬರುವ ಎಕ್ಸ್ ಒಂದೇ ಆಗಿರುವುದರಿಂದ, ತಾಯಂದಿರು ಬೇರೆಯಾದ ಅಕ್ಕತಂಗಿಯರ ಪ್ರಕರಣದಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಕೋಡ್ ಬರೆಯಬಲ್ಲವರಿಗೆ: ಆರ್ ಭಾಷೆಯ ಪೆಡ್‌ಸೂಟ್

ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಗ್ನುಸ್ ಡೆಲಿ ವಿಗೆಲಾಂಡ್ ಅವರು ಕಟ್ಟಿರುವ ಈ ಪ್ಯಾಕೇಜ್‌ಗಳ ಗುಚ್ಛವೂ ಉಚಿತ, ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ರಕ್ತಸಂಬಂಧದಲ್ಲೇ ಮದುವೆಯಾದ ಮನೆತನಗಳ ಸುತ್ತುಬಳಸಿನ ವಂಶವೃಕ್ಷವನ್ನೂ ಇದು ನಿಭಾಯಿಸುತ್ತದೆ. ಇದರಲ್ಲಿ ಎರಡು ಸಂಗತಿಗಳಿಗಾಗಿ ಕಲಿಯುವ ಶ್ರಮ ಸಾರ್ಥಕ.

ಮೊದಲನೆಯದು ಫಾರೆಲ್ ಪ್ಯಾಕೇಜ್. ಮಾದರಿ ತೆಗೆಯುವ ಮುಂಚೆಯೇ, ಇಂಥಿಂಥ ಸಂಬಂಧಿಕರು ಕೊಟ್ಟರೆ ಉತ್ತರ ಸಿಗುವ ಸಾಧ್ಯತೆ ಎಷ್ಟು ಎಂದು ಕಂಪ್ಯೂಟರಿನಲ್ಲಿ ಕೃತಕ ಪ್ರೊಫೈಲ್‌ಗಳನ್ನು ಸೃಷ್ಟಿಸಿ ಇದು ತೋರಿಸುತ್ತದೆ. ಸೋದರತ್ತೆಯ ಮಾದರಿಗಾಗಿ ಇನ್ನೊಂದು ದೇಶಕ್ಕೆ ಹೋಗುವುದೋ, ಇಲ್ಲೇ ಇರುವ ಇನ್ನೊಬ್ಬ ತಮ್ಮನನ್ನು ಕೇಳುವುದೋ, ಸತ್ತ ಅಜ್ಜನ ಗೋರಿ ತೆಗೆಸುವುದೋ? ಇಂಥ ತೀರ್ಮಾನಗಳು ನೋವಿನವು, ಖರ್ಚಿನವು. ಅವನ್ನು ಊಹೆಯ ಮೇಲೆ ಮಾಡಬಾರದು. ಕೊಟ್ಟ ಮೇಲೆ ಉಪಯೋಗಕ್ಕೆ ಬರುವುದಿಲ್ಲ ಎಂದು ಗೊತ್ತಿರುವ ಮಾದರಿಯನ್ನು ದುಃಖದಲ್ಲಿರುವವರಿಂದ ಕೇಳುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಬೇರೆ ಯಾವ ಸಾಫ್ಟ್‌ವೇರ್ ಕೊಂಡರೂ ಈ ಒಂದು ಕೆಲಸಕ್ಕೆ ಫಾರೆಲ್ ಇಟ್ಟುಕೊಳ್ಳಿ.

ಎರಡನೆಯದು 2021ರಲ್ಲಿ ವಿಧಾನ ಪ್ರಕಟವಾದ ಡಿವಿಐಆರ್ ಪ್ಯಾಕೇಜ್. ಇದು ಒಂದೊಂದು ದೇಹವನ್ನು ಬಿಡಿಬಿಡಿಯಾಗಿ ನೋಡದೆ, ಎಲ್ಲ ದೇಹಗಳನ್ನೂ ಕಾಣೆಯಾದ ಎಲ್ಲರಿಗೂ ಹೇಗೆಲ್ಲ ಹಂಚಬಹುದು ಎಂಬುದನ್ನು ಒಟ್ಟಿಗೆ ತೂಗುತ್ತದೆ. ಯಾಕೆ ಮುಖ್ಯ ಎಂದರೆ, ಇಬ್ಬರು ಅಣ್ಣತಮ್ಮಂದಿರು ಸತ್ತಿದ್ದು ತಂದೆ-ತಾಯಿ ಮಾತ್ರ ಮಾದರಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಸಿಕ್ಕ ಎರಡು ದೇಹಗಳೂ ಆ ಮನೆಯವೇ ಎಂದು ಅಪಾರ ಎಲ್‌ಆರ್ ಬರುತ್ತದೆ. ಆದರೆ ಯಾವ ದೇಹ ಅಣ್ಣನದು, ಯಾವುದು ತಮ್ಮನದು? ಎರಡೂ ಹಂಚಿಕೆಗಳು ಸರಿಸಮ, ತಂದೆ-ತಾಯಿಯ ಡಿಎನ್‌ಎಯಿಂದ ಅದನ್ನು ಬಿಡಿಸಲು ಸಾಧ್ಯವೇ ಇಲ್ಲ. ಅವರವರ ಮಕ್ಕಳ ಮಾದರಿಯೋ, ಅವರು ಬಳಸಿದ ಹಲ್ಲುಜ್ಜುವ ಬ್ರಶ್ಶೋ, ಮೂಳೆಯಿಂದ ತಿಳಿಯುವ ವಯಸ್ಸೋ ಬೇಕು. ಒಟ್ಟಾಗಿ ನೋಡುವ ವಿಧಾನ ಎರಡೂ ಸಮ ಎಂದು ನೇರವಾಗಿ ತೋರಿಸುತ್ತದೆ. ಜೋಡಿ ಜೋಡಿಯಾಗಿ ನೋಡಿ ಮೊದಲು ಸಿಕ್ಕ ಹೆಸರನ್ನು ಅಂಟಿಸುವ ವಿಧಾನ ಅದನ್ನು ಮುಚ್ಚಿಬಿಡುತ್ತದೆ. ಯಾವುದೇ ಸಾಫ್ಟ್‌ವೇರನ್ನು ಪರೀಕ್ಷಿಸುವಾಗ ಇಬ್ಬರು ಅಣ್ಣತಮ್ಮಂದಿರ ಇಂಥ ಕೃತಕ ಪ್ರಕರಣ ಕೊಟ್ಟು ನೋಡಿ. ಅದು ಏನು ಹೇಳುತ್ತದೆ ಎಂಬುದರಿಂದ ಅದರ ಯೋಗ್ಯತೆ ತಿಳಿಯುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಮೂರು ದೇಹ, ಕಾಣೆಯಾದ ಮೂವರು ಎಂದರೆ ಸಾಧ್ಯವಿರುವ ಹಂಚಿಕೆಗಳು 34. ಐದೈದು ಎಂದರೆ 1,546. ಹತ್ತು ಹತ್ತು ಆದಾಗ 23 ಕೋಟಿ ದಾಟುತ್ತದೆ. ಗಂಡು-ಹೆಣ್ಣಿನ ವಿಂಗಡಣೆಯಿಂದ, ಸ್ಪಷ್ಟವಾಗಿ ಹೊಂದದವನ್ನು ಮೊದಲೇ ತೆಗೆಯುವುದರಿಂದ ಸಂಖ್ಯೆ ಬಹಳ ಇಳಿಯುತ್ತದೆ ನಿಜ. ಆದರೂ ನೂರಾರು ದೇಹಗಳಿದ್ದರೆ ಇಡೀ ಕಡತವನ್ನು ಒಮ್ಮೆಲೇ ಇದಕ್ಕೆ ಕೊಡುವ ಬದಲು, ಬೇರೆ ಕಡೆ ಜರಡಿ ಹಿಡಿದು ಉಳಿದ ತೊಡಕಿನ ಗುಂಪುಗಳನ್ನಷ್ಟೇ ಕೊಡುವುದು ಜಾಣತನ. ಕೋಡ್ ಬಾರದವರಿಗೆ ವಂಶವೃಕ್ಷ ಬಿಡಿಸಲು ಕ್ವಿಕ್‌ಪೆಡ್ ಎಂಬ ಜಾಲತಾಣವೂ ಈ ಬಳಗದಲ್ಲಿದೆ.

ದೊಡ್ಡ ದುರಂತಗಳಿಗೆ: ಬೊನಾಪಾರ್ಟೆ ಮತ್ತು ಎಂ-ಫಿಸಿಸ್

ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಬೊನಾಪಾರ್ಟೆ, ಸಂಭವನೀಯತೆಗಳನ್ನು ಒಂದಕ್ಕೊಂದು ಜೋಡಿಸಿ ಲೆಕ್ಕ ಹಾಕುವ ಬೇಯಸ್ ಜಾಲಗಳ ಮೇಲೆ ನಿಂತಿದೆ. ಯಾವ ಆಕಾರದ ವಂಶವೃಕ್ಷ ಕೊಟ್ಟರೂ ತಾನೇ ಅದಕ್ಕೆ ತಕ್ಕ ಲೆಕ್ಕ ಕಟ್ಟಿಕೊಳ್ಳುತ್ತದೆ, ಸಾವಿರಾರು ಹೋಲಿಕೆಗಳನ್ನು ವೇಗವಾಗಿ ಮುಗಿಸುತ್ತದೆ. 2010ರಲ್ಲಿ ಟ್ರಿಪೋಲಿಯಲ್ಲಿ 103 ಜನರನ್ನು ಬಲಿತೆಗೆದುಕೊಂಡ ವಿಮಾನ ದುರಂತದಲ್ಲಿ, 2014ರಲ್ಲಿ ಉಕ್ರೇನ್ ಮೇಲೆ ಹೊಡೆದುರುಳಿಸಲಾದ ಎಂಎಚ್17 ವಿಮಾನದ ಪ್ರಕರಣದಲ್ಲಿ ಇದು ಬಳಕೆಯಾಯಿತು. ಎಂಎಚ್17ರಲ್ಲಿ ಸತ್ತ 298 ಜನರಲ್ಲಿ 296 ಮಂದಿಯ ಗುರುತು ಸಿಕ್ಕಿತು. 2021ರಲ್ಲಿ ಇಂಟರ್‌ಪೋಲ್ ಶುರುಮಾಡಿದ ಐ-ಫ್ಯಾಮಿಲಿಯಾ ದತ್ತಾಂಶ ವ್ಯವಸ್ಥೆಯ ಒಳಗೂ ಇರುವುದು ಬೊನಾಪಾರ್ಟೆಯೇ. ಒಂದು ದೇಶದಲ್ಲಿ ಕಾಣೆಯಾದವರ ದೇಹ ಇನ್ನೊಂದು ದೇಶದಲ್ಲಿ ಸಿಕ್ಕಿರಬಹುದಾದ ಪ್ರಕರಣಗಳಿಗೆ ಇದು ತಕ್ಕ ದಾರಿ. ಅದನ್ನು ಆಯಾ ದೇಶದ ಪೊಲೀಸ್ ವ್ಯವಸ್ಥೆಯ ಮೂಲಕವೇ ಬಳಸಬೇಕು.

ಎಂ-ಫಿಸಿಸ್ ಹುಟ್ಟಿದ್ದು 2001ರ ವರ್ಲ್ಡ್ ಟ್ರೇಡ್ ಸೆಂಟರ್ ದಾಳಿಯ ನಂತರ, ಅಲ್ಲಿನ ಅಗತ್ಯಕ್ಕಾಗಿಯೇ. ಸತ್ತವರು 2,753, ಸಿಕ್ಕ ಅವಶೇಷಗಳು 20,000ಕ್ಕೂ ಮೇಲೆ, ಬಹುಪಾಲು ಸುಟ್ಟು ನಜ್ಜುಗುಜ್ಜಾದ ಚೂರುಗಳು. ಯಾವ ಚೂರಿನಿಂದಲೂ ಪೂರ್ತಿ ಪ್ರೊಫೈಲ್ ಸಿಗುವ ಭರವಸೆ ಇರಲಿಲ್ಲ. ಎಸ್‌ಟಿಆರ್, ಮೈಟೋಕಾಂಡ್ರಿಯ, ಎಸ್‌ಎನ್‌ಪಿ (ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ) ಮೂರರ ಅರೆಬರೆ ಫಲಿತಾಂಶಗಳನ್ನು ಒಂದೇ ಕಡೆ ಕೂಡಿಸಿ, ಚೂರುಗಳನ್ನು ಒಬ್ಬೊಬ್ಬರ ಹೆಸರಿನಡಿ ಗುಂಪು ಮಾಡುವುದೇ ಅಲ್ಲಿ ಮುಖ್ಯ ಕೆಲಸವಾಗಿತ್ತು. ಚಾರ್ಲ್ಸ್ ಬ್ರೆನ್ನರ್ ಅವರ ಡಿಎನ್‌ಎ-ವ್ಯೂ ಸಾಫ್ಟ್‌ವೇರ್ ಕೂಡ ಆ ಗುರುತಿಸುವಿಕೆಯಲ್ಲಿ ನೆರವಾಯಿತು. ದೇಹಗಳು ಇಡಿಯಾಗಿ ಸಿಕ್ಕಿದ್ದರೆ ಬೊನಾಪಾರ್ಟೆಯಂಥದ್ದು ಸಾಕು. ಛಿದ್ರವಾಗಿ ಬೆರೆತುಹೋಗಿದ್ದರೆ, ಚೂರುಗಳನ್ನು ಮತ್ತೆ ಕೂಡಿಸುವ ಸೌಲಭ್ಯ ಎಷ್ಟು ಬಲವಾಗಿದೆ ಎಂಬುದನ್ನೇ ಮೊದಲು ನೋಡಿ.

ದೇಶಮಟ್ಟದ ದತ್ತಾಂಶಕ್ಕೆ: ಕೋಡಿಸ್ ಮತ್ತು ಜೆನಿಸ್

ಅಮೆರಿಕದ ಎಫ್‌ಬಿಐನ ಕೋಡಿಸ್ ಸಾಫ್ಟ್‌ವೇರ್ 50ಕ್ಕೂ ಹೆಚ್ಚು ದೇಶಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದಲ್ಲಿ ಮೊದಲು ಇದಕ್ಕೆ 13 ಎಸ್‌ಟಿಆರ್ ಗುರುತುಗಳಿದ್ದವು, 2017ರ ಜನವರಿಯಿಂದ 20 ಆದವು. ಆ ಏರಿಕೆಯಿಂದ ಕುಟುಂಬ ಹೋಲಿಕೆಗಳಿಗೆ ದೊಡ್ಡ ಬಲ ಬಂತು. ಇದನ್ನು ಸರ್ಕಾರಿ ಪ್ರಯೋಗಾಲಯಗಳಷ್ಟೇ ಬಳಸಬಲ್ಲವು. ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದು ಶಿಸ್ತು: ಕಾಣೆಯಾದವರ ಸಂಬಂಧಿಕರು ಕೊಟ್ಟ ಮಾದರಿಗಳು ಬೇರೆ ಸೂಚಿಯಲ್ಲಿರುತ್ತವೆ, ಅವನ್ನು ಅಪರಾಧ ಪ್ರಕರಣಗಳ ಜೊತೆ ಹೋಲಿಸುವುದಿಲ್ಲ. ಮಗನನ್ನು ಹುಡುಕಲೆಂದು ರಕ್ತ ಕೊಟ್ಟ ತಾಯಿ ತನ್ನ ಇನ್ನೊಬ್ಬ ಮಗನ ವಿರುದ್ಧ ಸಾಕ್ಷಿಯಾಗಬಾರದು. ಯಾವ ವ್ಯವಸ್ಥೆ ಆರಿಸಿಕೊಂಡರೂ ಈ ಗೋಡೆ ಸಾಫ್ಟ್‌ವೇರಿನೊಳಗೇ ಇರಬೇಕು. ಕಾಗದದ ಮೇಲಿನ ಭರವಸೆ ಸಾಲದು.

ಅರ್ಜೆಂಟೀನಾದ ಜೆನಿಸ್ ಮುಕ್ತ ತಂತ್ರಾಂಶ. ಆ ದೇಶಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ. ಸರ್ವಾಧಿಕಾರದ ಕಾಲದಲ್ಲಿ ಕದ್ದೊಯ್ದ ಮೊಮ್ಮಕ್ಕಳನ್ನು ಹುಡುಕಲು ‘ಪ್ಲಾಸಾ ದೆ ಮಾಯೊದ ಅಜ್ಜಿಯರು’ ಎಂಬ ಸಂಘಟನೆಯವರು ವಿಜ್ಞಾನಿಗಳ ಬಾಗಿಲು ತಟ್ಟಿದ್ದರಿಂದಲೇ, ತಂದೆ-ತಾಯಿ ಇಲ್ಲದಿದ್ದರೂ ಅಜ್ಜ-ಅಜ್ಜಿಯರಿಂದ ಮಗುವಿನ ಗುರುತು ಹಚ್ಚುವ ಲೆಕ್ಕ ಬೆಳೆಯಿತು. ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ಕೊಡುಗೆ ಅಲ್ಲಿ ದೊಡ್ಡದು. 1987ರಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಆನುವಂಶಿಕ ದತ್ತಾಂಶ ಬ್ಯಾಂಕ್ ಸ್ಥಾಪನೆಯಾಯಿತು. ಜೆನಿಸ್‌ನಲ್ಲಿ ಕಾಣೆಯಾದವರಿಗೂ ದುರಂತಗಳಿಗೂ ಪ್ರತ್ಯೇಕ ವಿಭಾಗಗಳಿವೆ. ಸ್ವಂತ ದತ್ತಾಂಶವನ್ನು ಸ್ವಂತ ಕಂಪ್ಯೂಟರಿನಲ್ಲೇ ಇಟ್ಟು, ಕೋಡನ್ನು ತಾವೇ ಪರಿಶೀಲಿಸಬೇಕೆನ್ನುವ ಸಂಸ್ಥೆಗೆ ನಾನು ಇದನ್ನು ಹೇಳುತ್ತೇನೆ. ನಿರ್ವಹಣೆಗೆ ಒಳ್ಳೆಯ ತಂತ್ರಜ್ಞರು ಬೇಕಾಗುತ್ತಾರೆ.

ಹತ್ತಿರದವರು ಯಾರೂ ಇಲ್ಲದಾಗ

ಎಸ್‌ಟಿಆರ್ ಲೆಕ್ಕ ಸೋಲುವ ಕಡೆ ಎಸ್‌ಎನ್‌ಪಿ ಬರುತ್ತದೆ. ಜನ ತಮ್ಮ ಡಿಎನ್‌ಎ ಮಾಹಿತಿ ಹಾಕಿ ಬಂಧುಗಳನ್ನು ಹುಡುಕುವ ಜೆಡ್‌ಮ್ಯಾಚ್‌ನಂಥ ತಾಣಗಳು ಲಕ್ಷಾಂತರ ಎಸ್‌ಎನ್‌ಪಿಗಳನ್ನು ಹೋಲಿಸಿ ಇಬ್ಬರು ಹಂಚಿಕೊಂಡಿರುವ ಡಿಎನ್‌ಎ ತುಣುಕುಗಳ ಉದ್ದವನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತವೆ. ಒಡಹುಟ್ಟಿದವರಲ್ಲಿ ಅದು ಸರಾಸರಿ 2,600ರ ಆಸುಪಾಸು, ಚಿಕ್ಕಪ್ಪನ ಮಕ್ಕಳಂಥ ಮೊದಲ ದಾಯಾದಿಗಳಲ್ಲಿ 850ರ ಸುತ್ತಮುತ್ತ. ಮೂರನೆಯ ತಲೆಮಾರಿನ ದಾಯಾದಿಯೂ ಸಿಗಬಹುದು. ಎಲುಬಿನಿಂದ ಕಡಿಮೆ ಡಿಎನ್‌ಎ ಸಿಕ್ಕಾಗ 10,230 ಎಸ್‌ಎನ್‌ಪಿಗಳನ್ನಷ್ಟೇ ಓದುವ ಕಿಂಟೆಲಿಜೆನ್ಸ್ ಕಿಟ್ ಜೊತೆಗೂ ಜೆಡ್‌ಮ್ಯಾಚ್ ಕೆಲಸ ಮಾಡುತ್ತದೆ.

ಇವು ಕೊಡುವುದು ಸುಳಿವು ಮಾತ್ರ. ದೂರದ ದಾಯಾದಿಯಿಂದ ಹಿಂದಕ್ಕೆ ಹೋಗಿ ವಂಶವೃಕ್ಷ ಕಟ್ಟಿ, ಒಂದು ಹೆಸರಿಗೆ ಬಂದು, ಆಮೇಲೆ ಹತ್ತಿರದವರ ಎಸ್‌ಟಿಆರ್‌ನಿಂದ ಖಚಿತಪಡಿಸಬೇಕು. ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಹಂಚಿಕೆಯ ಉದ್ದ ಉಬ್ಬಿ ಕಾಣುತ್ತದೆ, ದೂರದವರು ಹತ್ತಿರದವರಂತೆ ತೋರುತ್ತಾರೆ. ಇನ್ನು ಒಪ್ಪಿಗೆಯ ಪ್ರಶ್ನೆ. 2018ರಲ್ಲಿ ಜೆಡ್‌ಮ್ಯಾಚ್ ಮೂಲಕ ಕ್ಯಾಲಿಫೋರ್ನಿಯಾದ ಸರಣಿ ಹಂತಕ ಸಿಕ್ಕಿಬಿದ್ದ ನಂತರ ಚರ್ಚೆ ಎದ್ದು, 2019ರಲ್ಲಿ ಪೊಲೀಸ್ ಹುಡುಕಾಟಕ್ಕೆ ಬಳಕೆದಾರರ ಸ್ಪಷ್ಟ ಒಪ್ಪಿಗೆ ಬೇಕೆಂಬ ನಿಯಮ ಬಂತು. ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು ಯಾರಾದರೂ ಇದ್ದರೆ ಈ ದಾರಿ ಹಿಡಿಯಬೇಡಿ.

ಕೊಳ್ಳುವ ಮುಂಚೆ ಕೇಳಬೇಕಾದ ಇನ್ನಷ್ಟು

ಯಾವುದನ್ನು ಆರಿಸಿದರೂ ಅದರ ಫಲಿತಾಂಶವನ್ನು ಇನ್ನೊಂದು ಸಾಫ್ಟ್‌ವೇರಿನಲ್ಲಿ ತಾಳೆ ನೋಡಿ. ಬೊನಾಪಾರ್ಟೆ ಕೊಟ್ಟ ಎಲ್‌ಆರನ್ನು ಫ್ಯಾಮಿಲಿಯಾಸ್‌ನಲ್ಲಿ ಅದೇ ಆವರ್ತನ ಪಟ್ಟಿ, ಅದೇ ಉತ್ಪರಿವರ್ತನೆ ಮಾದರಿ ಹಾಕಿ ಲೆಕ್ಕ ಮಾಡಿದರೆ ಒಂದೇ ಬರಬೇಕು. ಬರದಿದ್ದರೆ ಯಾವ ಊಹೆಯಲ್ಲಿ ವ್ಯತ್ಯಾಸವಿದೆ ಎಂದು ಹುಡುಕದೆ ವರದಿಗೆ ಸಹಿ ಹಾಕಬೇಡಿ. ಯಾರು, ಯಾವಾಗ, ಯಾವ ವಂಶವೃಕ್ಷ ಬದಲಿಸಿದರು ಎಂಬ ದಾಖಲೆ ಅಳಿಸಲಾಗದಂತೆ ಉಳಿಯುತ್ತದೆಯೇ ನೋಡಿ.

ಮನೆಯವರಿಗೆ ಗೊತ್ತಿಲ್ಲದ ಪಿತೃತ್ವದ ಸಂಗತಿ ಈ ಲೆಕ್ಕಗಳಲ್ಲಿ ಹೊರಬೀಳುವುದುಂಟು. ಅದನ್ನು ಯಾರ ಪರದೆಗೂ ತಾನಾಗಿ ತೋರಿಸದ, ಅಧಿಕಾರವಿದ್ದವರಿಗಷ್ಟೇ ತೆರೆಯುವ ವ್ಯವಸ್ಥೆ ಇರಲಿ.

ಹೊಂದಾಣಿಕೆ ಸಿಗದ ದೇಹಗಳನ್ನು ಅದು ಏನು ಮಾಡುತ್ತದೆ ಎಂಬುದನ್ನೂ ಕೇಳಿ. ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಸತ್ತವರ ಪೈಕಿ ಸುಮಾರು ಶೇ. 40ರಷ್ಟು ಮಂದಿಯ ಅವಶೇಷ ಇನ್ನೂ ಗುರುತಾಗಿಲ್ಲ. ಆದರೆ ಎರಡು ದಶಕ ಕಳೆದ ಮೇಲೂ ಹೊಸ ಗುರುತುಗಳು ಸಿಗುತ್ತಿವೆ. ಹೊಸ ಸಂಬಂಧಿಯೊಬ್ಬರು ಮಾದರಿ ಕೊಟ್ಟ ದಿನವೇ ಹಳೆಯ ಎಲ್ಲ ದೇಹಗಳ ಜೊತೆ ತಾನಾಗಿ ಹೋಲಿಸುವ, ಕಂಪನಿ ಮುಚ್ಚಿದರೂ ಪ್ರೊಫೈಲ್‌ಗಳನ್ನೂ ವಂಶವೃಕ್ಷಗಳನ್ನೂ ಬೇರೆ ಸಾಫ್ಟ್‌ವೇರಿಗೆ ಸಾಗಿಸಬಲ್ಲ ರೂಪದಲ್ಲಿ ಕೊಡುವ ಸಾಫ್ಟ್‌ವೇರನ್ನೇ ಕೊಳ್ಳಿ. ಈ ಎರಡು ಷರತ್ತುಗಳು ಒಪ್ಪಂದದಲ್ಲಿ ಬರಹದಲ್ಲಿ ಇರಲಿ.